ಚಪಾತಿಯ ಅಂಚು

ಮೂವತ್ತರ ಹೊಸ್ತಿಲಲ್ಲಿ ನಾನು ಜಯಲಕ್ಷ್ಮಿಪುರಂನ ಒಂದು ಸಣ್ಣ ಕಚೇರಿಯಲ್ಲಿ ಮನೆಗಳ ನಕ್ಷೆ ಮಾಡುತ್ತಿದ್ದೆ. ಹಾಳೆಯಲ್ಲಿ ಒಂದಕ್ಷರ ಆಚೀಚೆಯಾಗಿದ್ದರೂ ಹರಿದು ಮತ್ತೆ ಪ್ರಿಂಟ್ ತೆಗೆಯುತ್ತಿದ್ದೆ. ಎಲ್ಲರೂ ಹೊಗಳುತ್ತಿದ್ದರು. ನನಗೆ ಮಾತ್ರ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಎಲ್ಲೋ ಒಂದು ತಪ್ಪು ಉಳಿದಿದೆ ಅನ್ನಿಸುತ್ತಿತ್ತು.

ತಪ್ಪು ಹುಡುಕುವ ಆ ಕಣ್ಣು ಯಾವಾಗ ತಟ್ಟೆಗೆ ಇಳಿಯಿತೋ ತಿಳಿಯದು. ಮೊದಲು ಸಿಹಿ ಬಿಟ್ಟೆ, ಆಮೇಲೆ ಅನ್ನ. ಪ್ಯಾಂಟು ಸಡಿಲವಾದಂತೆಲ್ಲ ಏನೋ ಸಮಾಧಾನ. ಅದು ಅರ್ಧ ದಿನವೂ ಬಾಳುತ್ತಿರಲಿಲ್ಲ.

ಒಂಟಿಕೊಪ್ಪಲಿನಲ್ಲಿದ್ದ ಅಕ್ಕ ಒಂದು ಭಾನುವಾರ ಹೇಳದೆ ಕೇಳದೆ ಸರಸ್ವತಿಪುರಂನ ನನ್ನ ಕೋಣೆಗೆ ಬಂದಳು. ನಾನು ಸ್ಕೇಲಿಟ್ಟು ಚಪಾತಿಯ ಅಂಚು ಕತ್ತರಿಸುತ್ತಿದ್ದೆ. ಅವಳು ಮೊದಲು ನಕ್ಕಳು.

“ಏನೋ ಇದು, ಚಪಾತಿಗೂ ಪ್ಲಾನ್ ಹಾಕ್ತಿದ್ದೀಯಾ?”

ನಾನು ನಗಲಿಲ್ಲ. ಅವಳು ನನ್ನ ಮಣಿಕಟ್ಟು ಹಿಡಿದು ನೋಡಿದಳು.

“ಎಷ್ಟು ದಿನದಿಂದ ಕಣೋ? ಒಣಗೋಗ್ಬುಟ್ಟಿದ್ದೀಯಲ್ಲೋ. ನಾಳೆ ಡಾಕ್ಟ್ರ ಹತ್ರ ಹೋಗಣ.”

ಯಾರಿಗೂ ಇಲ್ಲ ಎಂದು ಹೇಳಿ ಅಭ್ಯಾಸವಿಲ್ಲದವನು ನಾನು. ಹೋದೆ.

ಆ ಡಾಕ್ಟರು ನನ್ನನ್ನು ಕಳಿಸಿದ್ದು ಒಬ್ಬ ಮನೋವೈದ್ಯೆಯ ಬಳಿಗೆ. ಅವರು ಮೊದಲಿಗೆ ಊಟದ ಮಾತೇ ಎತ್ತಲಿಲ್ಲ. “ಚಿಕ್ಕವರಿದ್ದಾಗ ನೋಟ್‌ಬುಕ್ಕಲ್ಲಿ ಒಂದಕ್ಷರ ತಪ್ಪಾದ್ರೆ ಏನ್ಮಾಡ್ತಿದ್ರಿ?”

“ಇಡೀ ಪುಟ ಹರಿದು ಮತ್ತೆ ಬರೀತಿದ್ದೆ.”

“ಯಾರಾದ್ರೂ ಬೈತಿದ್ರಾ?”

“ಇಲ್ಲ. ಜಾಣ ಅಂತಿದ್ರು.”

“ಆ ಗುಣವೇ ಕಾಯಿಲೆ ಅಲ್ಲ ಕಣ್ರೀ, ಎಷ್ಟೋ ಜನಕ್ಕಿರುತ್ತೆ. ನಿಮಗೆ ಅದು ಊಟದ ಮೇಲೆ ಹೋಗಿ ಕೂತಿದೆ.”

ನನ್ನ ಕಾಲು ಮೇಜಿನಡಿ ಅಲುಗುತ್ತಲೇ ಇತ್ತು.

ಅವರು ಕೊಟ್ಟ ಊಟದ ಪಟ್ಟಿಗೆ ನಾನು ಬಣ್ಣಬಣ್ಣದ ಚೌಕ ಹಾಕಿ, ಒಂದೂ ತಪ್ಪದಂತೆ ಗುರುತು ಮಾಡಿ, ಮುಂದಿನ ಭೇಟಿಗೆ ತೆಗೆದುಕೊಂಡು ಹೋದೆ. ಅವರು ಅದನ್ನು ಮಡಚಿ ಡ್ರಾಯರಿಗೆ ಹಾಕಿಬಿಟ್ಟರು. “ಇದನ್ನೂ ಪರೀಕ್ಷೆ ಮಾಡ್ಕೊಂಡ್ರಲ್ಲ! ಈ ವಾರ ಅಕ್ಕ ಬಡಿಸಿದಷ್ಟು ಊಟ ಮಾಡಿ. ಬರೆದಿಡಬೇಡಿ.”

ಅಕ್ಕನಿಗೆ ಅಳತೆಯೆಂಬುದೇ ಗೊತ್ತಿಲ್ಲ. ಸಾರಿಗೆ ಒಂದು ದಿನ ಉಪ್ಪು ಜಾಸ್ತಿ, ಒಂದು ದಿನ ಇಲ್ಲವೇ ಇಲ್ಲ. ಮೊದಲ ದಿನ ತನ್ನ ಮನೆಯಲ್ಲಿ ಅವಳು ಅನ್ನ ಬಡಿಸಿದಳು. ಮೂರು ತುತ್ತಿಗೆ ಎದ್ದು ಬಾಗಿಲವರೆಗೆ ಹೋಗಿ ಬಂದೆ. ಕೂತೆ, ಮತ್ತೆ ಎದ್ದೆ. ಅವಳು ಎದುರಿಗೆ ಕೂತು ಉಣ್ಣುತ್ತಾ, ತಾನು ಪಾಠ ಹೇಳುವ ಶಾಲೆಯ ಜಗಳ ವರ್ಣಿಸುತ್ತಿದ್ದಳು. ತಟ್ಟೆ ಖಾಲಿಯಾಗಲು ಒಂದೂವರೆ ಗಂಟೆ ಹಿಡಿಯಿತು. ಆಮೇಲೆ ಅತ್ತುಬಿಟ್ಟೆ.

“ಅಳು, ಪರವಾಗಿಲ್ಲ. ಮಜ್ಜಿಗೆ ಬೇಕಾ?” ಎಂದಳು.

ಚೇತರಿಸಿಕೊಳ್ಳಲು ಎರಡು ವರ್ಷ ಬೇಕಾಯಿತು. ನಡುವೆ ಒಮ್ಮೆ ಪೂರ್ತಿ ಹಿಂದಕ್ಕೆ ಜಾರಿದ್ದೂ ಉಂಟು. ಈಗ ಊಟ ಮಾಡುತ್ತೇನೆ. ಹಬ್ಬದ ದಿನ ನಾಲ್ಕು ಜನ ಬಲವಂತ ಮಾಡುವಾಗ ಮಾತ್ರ ಎದೆ ಇನ್ನೂ ಡವಗುಟ್ಟುತ್ತದೆ. ಅಂಥ ದಿನ ಅಕ್ಕನ ಪಕ್ಕದ ಎಲೆಗೇ ಕೂರುತ್ತೇನೆ.