ಬರಿ ಪಾತ್ರೆ

ಕೈನಡುಕ ಬಂದು ನೂಲು ಸುತ್ತೋ ಕೂಲಿ ನಿಂತಮೇಲೆ, ಒಂಟಿ ಸೌಡಮ್ಮಜ್ಜಿಗೆ ನಮ್ಮ ಸೋಮನೂರು ಬೀದಿಯೋರೇ ಅನ್ನ ಸಾರು ಕೊಡ್ತಿದ್ವಿ. "ಬರಿ ಪಾತ್ರೆ ವಾಪಸ್ ಕೊಡಬಾರದಪ್ಪ" ಅಂತ ಅಜ್ಜಿ ತನ್ನ ಬಾಗಿಲ ನುಗ್ಗೆಮರದ ಸೊಪ್ಪು ತುಂಬಿಸಿಯೇ ಕೊಡೋಳು. ಒಂದು ಸೌಟು ಸಾರಿಗೆ ಒಂದು ಹೊರೆ ಸೊಪ್ಪು. "ನಮ್ಮನ್ನ ಆಡು ಅಂದ್ಕೊಂಡ್ಯಾ ಅಜ್ಜಿ?" ಅಂತ ನಾನು ಕೆಣಕಿದರೆ, "ನೀನು ಆಡಾಗಿದ್ರೆ ಹಾಲಾದರೂ ಕೊಡ್ತಿದ್ದೆ, ಹೋಗಪ್ಪ" ಅನ್ನೋಳು. ಎಂಬತ್ಮೂರನೇ ಇಸವೀಲಿ ಪವರ್‌ಲೂಮಿಗೆ ಕರೆಂಟು ತಂತಿ ಎಳೆಯೋರು ಆ ಮರ ಕಡಿದರು. ಅವತ್ತಿಂದ ಏನು ತಗೊಂಡು ಹೋದರೂ, "ಈಗ ತಾನೇ ಉಂಡೆ" ಅನ್ನೋಳು. ವಯಸ್ಸಾಯ್ತು, ಹಸಿವಿಲ್ಲ ಅಂದ್ಕೊಂಡ್ವಿ. ಅಜ್ಜಿ ತೀರಿಹೋದಮೇಲೆ ನೋಡಿದರೆ ಒಲೇಲಿ ಬೂದಿನೂ ಇರಲಿಲ್ಲ. ಬಾಳೆ ಎಲೇಲಿ ಕಟ್ಟಿ ಕೊಟ್ಟಿದ್ರೆ ತಿಂತಿದ್ಲೋ ಏನೋ. ಎಲೆಯನ್ನ ಯಾರೂ ವಾಪಸ್ ಕೇಳಲ್ಲ.