ಕಪ್ಪು ಹಚ್ಚಿದ ಮುಖ

ಲಿಯೋ ಪೊರ್ಬುಗಳೇ, ಆ ಚಿತ್ರಗಾರನ ಮುಖಕ್ಕೆ ಕಪ್ಪು ಹಚ್ಚಿದವನು ನಾನೇ. ಕುವೈತಿಗೆ ಬರುವ ವಿದೇಶಿ ಪತ್ರಿಕೆಗಳಲ್ಲಿ ಹೆಂಡದ ಬಾಟಲಿ, ಹಂದಿ, ಹೆಂಗಸರ ತೊಡೆ — ಇವುಗಳ ಮೇಲೆ ಮಾರ್ಕರ್ ಎಳೆಯುವುದೇ ಗೋದಾಮಿನಲ್ಲಿ ನನ್ನ ಕೆಲಸವಾಗಿತ್ತು. ಪತ್ರಿಕೆ ಕಟ್ಟು ಕಟ್ಟುವ ಕೆಲಸ ಎಂದು ನಿಮಗೆ ಸುಳ್ಳು ಹೇಳಿದ್ದೆ. ಈಗ ನೀವಿಲ್ಲ. ಹೋದ ವರ್ಷ ನಿಮ್ಮ ಹೆಂಡತಿ ಹಿಲ್ಡಾಬಾಯಿ ಮಂಗಳೂರಿನಿಂದ ಫೋನ್ ಮಾಡಿ ತಿಳಿಸಿದರು.

ಕುವೈತಿನ ಸಲ್ವಾ ಬಡಾವಣೆಯ ನಿಮ್ಮ ಮನೆಯ ಶುಕ್ರವಾರಗಳು ನನಗೆ ಇಂದಿಗೂ ಬೇಕು. ನಾನು ತಂದುಕೊಟ್ಟ ಸ್ಕಾಟ್ಲೆಂಡಿನ ವಾರಪತ್ರಿಕೆಯಿಂದ ಚಿತ್ರಕಥೆಯ ಪುಟ ಬೇರ್ಪಡಿಸಿ, ನಿಮ್ಮ ಡ್ರಾಯಿಂಗ್ ಬೋರ್ಡಿಗೆ ಪಿನ್ನು ಚುಚ್ಚಿ ಹರಡುತ್ತಿದ್ದಿರಿ. ಬಂದರು ಬೀದಿಯ ಒಬ್ಬ ಅಜ್ಜಿ, ಅವಳ ಮೂವರು ಬಾಡಿಗೆದಾರರು, ಮುಗಿಯದ ಜಗಳ. ಆ ಚಿತ್ರಗಾರರಿಗೆ ಹೆಸರು ಹಾಕುವ ಅವಕಾಶವಿರಲಿಲ್ಲವಂತೆ; ಅಭಿಮಾನಿಗಳು ಗೆರೆ ನೋಡಿಯೇ ಕೈ ಯಾರದೆಂದು ಗುರುತಿಸಬೇಕು. ಅವರಲ್ಲಿ ಒಬ್ಬನ ಗೆರೆಯೆಂದರೆ ನಿಮಗೆ ಪ್ರಾಣ. “ಮುಖ ಯಾರು ಬೇಕಾದ್ರೂ ಬಿಡಿಸ್ತಾರೆ ಶೆಟ್ರೇ. ಈ ಬಾಡಿಗೆದಾರ ನಿಂತದ್ದು ನೋಡಿ. ಕಾಲು ನೋವುಂಟು ಅಂತ ಗೊತ್ತಾಗುದಿಲ್ವಾ?” — ಹೀಗೆ ನನಗೆ ನೋಡಲು ಕಲಿಸಿದವರು ನೀವು. ಕಪ್ಪು ಬಡಿದ ಜಾಗ ಸಿಕ್ಕರೆ ಪುಟವನ್ನು ಕಿಟಕಿಯ ಬೆಳಕಿಗೆ ಹಿಡಿದು, “ಇದು ಹಚ್ಚಿದವನಿಗೆ ಕಣ್ಣು ಉಂಟಾ?” ಎನ್ನುತ್ತಿದ್ದಿರಿ. ನಾನೂ ನಿಮ್ಮೊಡನೆ ಸೇರಿ ಅವನನ್ನು ಬೈದಿದ್ದೇನೆ.

ನಿಮ್ಮ ಆಫೀಸಿನ ಸ್ಕಾಟಿಷ್ ಸಾಹೇಬರೂ ಅದೇ ಹುಚ್ಚಿನವರು. ರಜೆಗೆ ಊರಿಗೆ ಹೊರಡುವ ಮೊದಲು ಬಂದು, ಎಂದೋ ತೀರಿಕೊಂಡ ಆ ಚಿತ್ರಗಾರ ಒಂದೇ ಒಂದು ಸಲ ತನ್ನನ್ನೇ ಬಿಡಿಸಿಕೊಂಡ ಪುಟವನ್ನು ಪತ್ರಿಕೆ ಮತ್ತೆ ಅಚ್ಚು ಹಾಕುತ್ತದೆ ಎಂದರು. ನೀವು ಅವನ ಫೋಟೊ ಕೂಡ ನೋಡಿದವರಲ್ಲ, ಮಗುವಿನಂತೆ ಕುಣಿದಿರಿ. ಆಗ ನಾನೂ ಏನೋ ಹೇಳಲು ಹೋದೆ. ನೀವು ನಕ್ಕು ಸಾಹೇಬರಿಗೆ ಇಂಗ್ಲಿಷಿನಲ್ಲಿ ಅಂದಿರಿ — ಇವರು ಗೋದಾಮಿನವರು, ಪಾಪ, ಪತ್ರಿಕೆ ತಂದುಕೊಡುತ್ತಾರೆ, ಅಷ್ಟೆ. ಆ “ಅಷ್ಟೆ” ನನ್ನನ್ನು ದಿನಗಟ್ಟಲೆ ತಿಂದಿತು.

ತೊಂಬತ್ತರ ಜುಲೈ ಕೊನೆಗೆ ಪುಟ ಬಂತು. ಪಬ್ಬಿನ ಮೂಲೆಯಲ್ಲಿ ಗ್ಲಾಸು ಹಿಡಿದು ಕುಳಿತ ಚಿತ್ರಗಾರ. ಗ್ಲಾಸಿಗೆ ಒಂದು ಗೀಟು ಎಳೆದರೆ ಸಾಕಿತ್ತು. ಉಳಿದ ಪ್ರತಿಗಳಿಗೆ ಅಷ್ಟೇ ಎಳೆದೆ. ನಿಮ್ಮ ಪ್ರತಿಯಲ್ಲಿ ಮಾತ್ರ ಇಡೀ ಮನುಷ್ಯನನ್ನು ಮುಚ್ಚಿ ತಂದುಕೊಟ್ಟೆ. ಒಂದು ಒಳ್ಳೆಯ ಪ್ರತಿಯನ್ನು ಗೋದಾಮಿನ ನನ್ನ ಮೇಜಿನ ಖಾನೆಯಲ್ಲಿಟ್ಟೆ — ಒಂದು ವಾರ ಸತಾಯಿಸಿ ಕೊಡೋಣ, ಗೋದಾಮಿನವನ ಬೆಲೆ ಇವರಿಗೂ ಗೊತ್ತಾಗಲಿ ಎಂದು. ಆ ವಾರ ಮುಗಿಯುವ ಮೊದಲೇ ಇರಾಕಿನ ಟ್ಯಾಂಕುಗಳು ಬಂದವು. ಗೋದಾಮು ಸುಟ್ಟುಹೋಯಿತು.

ರೂಮು ಬಿಟ್ಟು ಓಡಿಬಂದ ನನಗೆ ಆಶ್ರಯ ಕೊಟ್ಟವರೂ ನೀವೇ. ಹೊರಗೆ ಗುಂಡಿನ ಸದ್ದು. ಒಳಗೆ ನೀವು ಹತ್ತಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ, ಗಾಯ ಒರೆಸುವ ಹಾಗೆ, ಆ ಕಪ್ಪನ್ನು ಮೆಲ್ಲಗೆ ಉಜ್ಜುತ್ತಿದ್ದಿರಿ. ಕಾಗದ ತೂತಾಯಿತು.

“ಖಲಾಸ್,” ಎಂದಿರಿ. ಹತ್ತಿ ಕೆಳಗಿಟ್ಟು, “ಶೆಟ್ರೇ, ನೀವು ಅಲ್ಲೇ ಇದ್ದದ್ದಲ್ವಾ. ಅವನ ಮುಖ ನೋಡಿದ್ದೀರಾ? ಹೇಗಿತ್ತು ಅಂತ ಹೇಳಿದ್ರೂ ಸಾಕು, ನಾನು ಬಿಡಿಸ್ತೇನೆ.”

“ಇಲ್ಲ ಪೊರ್ಬುಗಳೇ. ನನ್ನ ಕೈಗೆ ಬರುವಾಗಲೇ ಕಪ್ಪಾಗಿತ್ತು.”

ಕಪ್ಪು ಹಚ್ಚಿದ್ದಕ್ಕಿಂತ ಈ ಸುಳ್ಳು ದೊಡ್ಡದು. ನಿಜ ಹೇಳಿದ್ದರೆ ನಾಲ್ಕು ಮಾತು ಬೈದು, ನೀವು ಪೆನ್ಸಿಲು ಕೈಗೆತ್ತಿಕೊಳ್ಳುತ್ತಿದ್ದಿರಿ. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ —

ಸೆಪ್ಟೆಂಬರಿನಲ್ಲಿ ನೀವಿಬ್ಬರೂ ಊರಿಗೆ ಮರಳಲು ಅಮ್ಮಾನಿನ ಬಸ್ಸು ಹತ್ತಿದಿರಿ, ಮತ್ತೆ ಕುವೈತಿಗೆ ಬರಲಿಲ್ಲ. ತೊಂಬತ್ತೊಂದರಲ್ಲಿ ಯುದ್ಧ ಮುಗಿದ ಮೇಲೆ, ಒಂದು ಶುಕ್ರವಾರ, ನಾನು ಸಲ್ವಾಕ್ಕೆ ಹೋಗಿ ನಿಮ್ಮ ಮನೆಯ ಕೆಳಗೆ ನಿಂತೆ. ಮೇಲೆ ಬೇರೆ ಯಾರದೋ ಬಟ್ಟೆ ಒಣಗುತ್ತಿತ್ತು. ತುಂಬ ಹೊತ್ತು ನಿಂತಿದ್ದೆ. ಕೊನೆಯವರೆಗೂ ನೀವು ಆ ಪುಟ ಹುಡುಕುತ್ತಲೇ ಇದ್ದಿರಂತೆ; ಪತ್ರಿಕೆಗೆ ಬರೆದರೂ ಉತ್ತರ ಬರಲಿಲ್ಲವಂತೆ. ಹಿಲ್ಡಾಬಾಯಿ ಹೇಳಿದರು.

ಈಗ ಹೇಳುತ್ತೇನೆ. ಬೋಳು ತಲೆ. ಒಂದು ಕಿವಿ ತುಸು ದೊಡ್ಡದು. ಸಿಕ್ಕಿಬಿದ್ದವನ ಸಣ್ಣ ನಗು. ಗ್ಲಾಸಿನಿಂದ ತಲೆಯೆತ್ತಿ ಅವನು ಪುಟದ ಹೊರಗೆ, ತನ್ನನ್ನು ನೋಡುವವನನ್ನೇ ನೋಡುತ್ತಿದ್ದ. ನಾನು ಮೊದಲು ಮಾರ್ಕರ್ ಇಟ್ಟದ್ದು ಆ ಕಣ್ಣುಗಳ ಮೇಲೆ.