ತಿಥಿ ಅಡುಗೆ ಕೇಳಿದ ಹಿಸ್ಟರಿ ಮೇಡಂ

ಕರಿಮೆಣಸನ್ನು ತುಪ್ಪದಲ್ಲಿ ಹುರಿಯುವ ಘಾಟು ಬಂದರೆ ನನಗೆ ಹಿಸ್ಟರಿ ಮೇಡಂ ನೆನಪಾಗುತ್ತಾರೆ. ಮೊನ್ನೆ ಅಪ್ಪನ ತಿಥಿ. ಅಡುಗೆಯವರು ಒಳಗೆ ಸಾರಿಗೆ ಹುರಿಯುತ್ತಿದ್ದರು, ನಾನು ಹಜಾರದಲ್ಲಿ ಒದ್ದೆ ಪಂಚೆ ಉಟ್ಟು ಕೂತಿದ್ದೆ. ಕೆಮ್ಮು ಬಂತು, ಜೊತೆಗೆ ಹಳೆಯ ಅನುಮಾನವೂ ಬಂತು.

ತೊಂಬತ್ತರ ದಶಕ. ಬನಶಂಕರಿಯ ಒಂದು ಸಣ್ಣ ಕಾಲೇಜಿನಲ್ಲಿ ನಾನು ಪಿಯುಸಿ ಓದುತ್ತಿದ್ದೆ. ಮೇಡಂ ಆ ವರ್ಷ ಪಾರ್ಟ್ ಟೈಮ್ ಆಗಿ ಬಂದಿದ್ದರು. ಬೇರೆಯವರು ಪಾಠವನ್ನು ಯುರೋಪಿನಿಂದ ಶುರು ಮಾಡಿದರೆ, ಇವರು ಭೂಪಟ ತೂಗುಹಾಕಿ ಹಿಂದೂ ಮಹಾಸಾಗರದ ಮೇಲೆ ಬೆರಳಿಡುತ್ತಿದ್ದರು. ನಮ್ಮ ಕರಾವಳಿಯ ಮೆಣಸು ಎಲ್ಲೆಲ್ಲಿಗೆ ಹೋಯಿತು, ಅಮೆರಿಕದ ಬೆಳ್ಳಿ ಚೀನಾಕ್ಕೆ ಹೇಗೆ ತಲುಪಿತು, ಪೋರ್ಚುಗೀಸರಿಗಿಂತ ಮೊದಲೇ ಗುಜರಾತಿಗಳೂ ಅರಬರೂ ಈ ನೀರಿನಲ್ಲಿ ಹೇಗೆ ಓಡಾಡಿಕೊಂಡಿದ್ದರು... ಇದೆಲ್ಲ ಪರೀಕ್ಷೆಗೆ ಬರುತ್ತದೆಯೇ ಅನ್ನುವುದು ನಮ್ಮ ಮೊದಲ ಅನುಮಾನ.

ಅನುಮಾನ ನಮ್ಮ ಮನೆಯವರ ಹುಟ್ಟುಗುಣ ಬಿಡಿ. ಕರೆಂಟ್ ಮೀಟರ್ ನೋಡಲು ಬಂದವನು ಗೇಟು ದಾಟುವವರೆಗೂ ಅಪ್ಪ ಅವನ ಬೆನ್ನ ಹಿಂದೆಯೇ ಇರುತ್ತಿದ್ದರು.

ಒಂದು ದಿನ ಕ್ಲಾಸ್ ಮುಗಿಯುವಾಗ ಮೇಡಂ ನಮಗೊಂದು ಕೆಲಸ ಕೊಟ್ಟರು. "ನಿಮ್ಮನೇಲಿ ತಿಥಿ ದಿನ ಸಾರಿಗೆ ಮೆಣಸಿನಕಾಯಿ ಹಾಕ್ತಾರಾ, ಕೇಳ್ಕೊಂಡು ಬನ್ನಿ. ಯಾಕೆ ಅಂತ ಸೋಮವಾರ ಹೇಳ್ತೀನಿ."

ಸಂಜೆ ಕಾಫಿ ಹೊತ್ತಿಗೆ ಕೇಳಿದೆ. ಅಪ್ಪ ಲೋಟ ಕೆಳಗಿಟ್ಟರು.

"ಹಿಸ್ಟರಿ ಹೇಳ್ಕೊಡೋರಿಗೆ ನಮ್ಮನೆ ತಿಥಿ ಯಾಕಪ್ಪಾ? ಯಾರ್ಯಾರು ಯಾವ ಜಾತಿ ಅಂತ ತಿಳ್ಕೊಳ್ಳೋ ಉಪಾಯ ಇದು."

ನನಗೂ ಹೌದೆನ್ನಿಸಿತು. ತಿಥಿ ಅಡುಗೆ ಹೇಳಿದರೆ ಜಾತಿ ಹೇಳಿದ ಹಾಗೆಯೇ ಅಲ್ಲವೇ...

ಶನಿವಾರ ಬೆಳಿಗ್ಗೆ ಅಪ್ಪ ತರಕಾರಿಗೆಂದು ಜಯನಗರ ಫೋರ್ತ್ ಬ್ಲಾಕಿಗೆ ಹೋದವರು ಖಾಲಿ ಚೀಲ ಹಿಡಿದು ಬಂದರು. ಯಾವುದೂ ಚೆನ್ನಾಗಿರಲಿಲ್ಲ ಅಂದರು. ಸೋಮವಾರ ಮೇಡಂ ಬರಲಿಲ್ಲ. ಮಕ್ಕಳ ಜಾತಿ ವಿಚಾರಿಸುತ್ತಾರೆಂದು ಯಾರೋ ಪೋಷಕರು ದೂರು ಕೊಟ್ಟರಂತೆ, ಪ್ರಿನ್ಸಿಪಾಲರು ಅವರನ್ನು ಕೆಲಸದಿಂದ ಬಿಡಿಸಿದರಂತೆ. ಹೊಸ ಮೇಷ್ಟರು ನೋಟ್ಸ್ ಬರೆಸಿದರು, ನಾವು ಪಾಸಾದೆವು. ಫೋರ್ತ್ ಬ್ಲಾಕಿನಲ್ಲಿ ಯಾವ ತರಕಾರಿಯೂ ಚೆನ್ನಾಗಿಲ್ಲದ ದಿನವನ್ನು ನಾನಂತೂ ಇವತ್ತಿಗೂ ಕಂಡಿಲ್ಲ.

ಮೊನ್ನೆ ಆ ಘಾಟಿನಲ್ಲಿ ಕೂತಿದ್ದಾಗ, ನಡೆಯದೇ ಹೋದ ಸೋಮವಾರದ ಪಾಠ ತಾನಾಗಿಯೇ ಹೊಳೆಯಿತು. ಮೆಣಸಿನಕಾಯಿಯೂ ಆ ಬೆಳ್ಳಿಯ ಹಾಗೆ ಅಮೆರಿಕದಿಂದ ಹಡಗು ಹತ್ತಿ ಬಂದದ್ದು. ನಮ್ಮ ಹಿರಿಯರು ಅದನ್ನು ಹುಳಿಗೆ ಹಾಕಿದರು, ಉಪ್ಪಿನಕಾಯಿಗೆ ಹಾಕಿದರು, ಪಿತೃಗಳ ಎಲೆಯ ಹತ್ತಿರ ಮಾತ್ರ ಬಿಟ್ಟುಕೊಳ್ಳಲಿಲ್ಲ. ಹೊರಗಿನಿಂದ ಬಂದದ್ದರ ಮೇಲೆ ಅವರಿಗೂ ಅನುಮಾನ. ಮೇಡಂ ತೋರಿಸಬೇಕೆಂದಿದ್ದು ಇಷ್ಟೇ ಇರಬೇಕು. ಇಷ್ಟಕ್ಕೆ ಅವರ ಕೆಲಸ ಹೋಯಿತಲ್ಲ.

ಅವತ್ತು ಕಾಲೇಜಿಗೆ ಹೋಗಿದ್ದು ನೀವೇನಾ ಎಂದು ಕೇಳೋಣವೆಂದರೆ ಅಪ್ಪ ಇಲ್ಲ. ಮೇಡಂ ಎಲ್ಲಿದ್ದಾರೋ, ಇದ್ದಾರೋ ಇಲ್ಲವೋ, ಅದೂ ಗೊತ್ತಿಲ್ಲ...

ಅಪ್ಪನ ಹೆಸರಿನಲ್ಲಿ ಹಾಕಿದ ಎಲೆಗೆ ಅಡುಗೆಯವರು ಸಾರು ಬಡಿಸಿದರು. ನಾನು ಬಗ್ಗಿ ನೋಡಿದೆ. ಒಂದೂ ಮೆಣಸಿನಕಾಯಿ ಇರಲಿಲ್ಲ.